ನೀರು ಬಂತಾ ಅಂತ ಕೇಳಿದ್ದು ಯಾರು?

ನೀರು ಸರಬರಾಜು ಕಚೇರಿಯ ವೆಬ್‌ಸೈಟಿನಲ್ಲಿ ಇದ್ದದ್ದು ಒಂದೇ ಪುಟ. ಆ ಪುಟದಲ್ಲಿ ಜನ ನೋಡುತ್ತಿದ್ದದ್ದು ಒಂದೇ ಸಾಲು: ‘ನೀರು ಬಿಟ್ಟಿದೆ’ ಅಥವಾ ‘ಬಿಟ್ಟಿಲ್ಲ’. ಊರಿಗೆಲ್ಲ ದಿನಕ್ಕೊಂದೇ ಸಲ, ಹೊತ್ತುಗೊತ್ತಿಲ್ಲದೆ ನೀರು ಬಿಡುತ್ತಿದ್ದುದರಿಂದ ಆ ಸಾಲಿಗೆ ಎಲ್ಲಿಲ್ಲದ ಬೆಲೆ. ಅಂಥ ಪುಟ ಅವತ್ತು ಬೆಳಗ್ಗೆ ಹತ್ತು ಗಂಟೆಗೆ ನೆಲಕಚ್ಚಿತು.

ಅದನ್ನು ನೋಡಿಕೊಳ್ಳುವವನನ್ನು ಕಚೇರಿಯಲ್ಲಿ ಎಲ್ಲರೂ ಪಾಸ್‌ವರ್ಡಪ್ಪ ಎನ್ನುತ್ತಿದ್ದರು. ಕಂಪ್ಯೂಟರಿನ ಪಾಸ್‌ವರ್ಡ್ ಗೊತ್ತಿದ್ದದ್ದು ಅವನೊಬ್ಬನಿಗೇ. ಅವನ ಆಸ್ತಿಯೆಂದರೆ ಅದೊಂದೇ. ಒಂಬತ್ತು ವರ್ಷದಿಂದ ಹಂಗಾಮಿ ನೌಕರ. ಅವನನ್ನು ಖಾಯಂ ಮಾಡುವ ಫೈಲು ಕೊನೆಗೂ ತೆವಳಿಕೊಂಡು ಸಾಹೇಬರ ಮೇಜಿಗೆ ಬಂದಿತ್ತು. ನಾಳೆ ಸಾಹೇಬರು ಇದೇ ಊರಿನ ಇನ್ನೊಂದು ಕಚೇರಿಗೆ ವರ್ಗವಾಗಿ ಹೋಗುವವರು. ಇವತ್ತು ಸಹಿ ಬಿದ್ದರೆ ಬಿತ್ತು, ಇಲ್ಲದಿದ್ದರೆ ಹೊಸ ಸಾಹೇಬರು, ಹೊಸ ಒಂಬತ್ತು ವರ್ಷ.

“ಏನಯ್ಯಾ ಇದು? ಮೇಲಿನವರು ಫೋನ್ ಮೇಲೆ ಫೋನ್ ಮಾಡ್ತಿದಾರೆ!” ಸಾಹೇಬರು ಗುಡುಗಿದರು.

“ಯಾವುದೋ ಪ್ರೋಗ್ರಾಮು ಬಂದು ಬಂದು ನಮ್ಮ ಪುಟ ಓದ್ತಿದೆ ಸರ್. ಸ್ಕ್ರೇಪಿಂಗ್ ಅಂತಾರೆ. ಅಂದ್ರೆ ತುರಿಯೋದು. ತೆಂಗಿನಕಾಯಿ ತುರಿದ ಹಾಗೆ ಮಾಹಿತಿ ತುರ್ಕೊಂಡು ಹೋಗೋದು.”

“ತುರಿದ್ಮೇಲೆ ಚಿಪ್ಪು ತಾನೇ ಉಳಿಯೋದು? ಹಾಗಾದ್ರೆ ಇದು ದಾಳಿ!”

“ದಾಳಿ ಅನ್ನೋಕಾಗಲ್ಲ ಸರ್. ಬೀಗ ಒಡೆದಿಲ್ಲ, ಏನೂ ಕದ್ದಿಲ್ಲ. ಎಲ್ಲರಿಗೂ ತೆರೆದಿಟ್ಟ ಪುಟ ಓದಿದಾರೆ, ಅಷ್ಟೇ.”

ಕರೆಯದಿದ್ದರೂ ಬಂದು ಬಾಗಿಲಲ್ಲಿ ನಿಂತಿದ್ದ ಮೀಟರ್ ರೀಡರ್ ಬಾಯಿ ಹಾಕಿದ. ಕರೆಯದ ಕಡೆಗೆ ಮೊದಲು ಹೋಗುವುದು ಅವನ ಹುಟ್ಟುಗುಣ. “ಅವನು ಹೇಳೋದು ಸರಿ ಸರ್. ನಾನೂ ಮನೆಮನೆಗೆ ಹೋಗಿ ಮೀಟರ್ ಓದ್ತೀನಿ. ಅದು ದಾಳಿನಾ?”

“ನೀನು ಹೋಗೋದು ತಿಂಗಳಿಗೊಂದ್ಸಲ. ಸೆಕೆಂಡಿಗೊಂದ್ಸಲ ಹೋಗಿ ಗಂಟೆ ಒತ್ತಿದ್ರೆ?”

ಮೀಟರ್ ರೀಡರ್ ಯೋಚಿಸಿದ. “ನಾಯಿ ಬಿಡ್ತಾರೆ ಸರ್.”

“ಹ್ಞಾಂ! ನಾವೂ ನಾಯಿ ಬಿಡೋಣ. ಸೈಬರ್ ಪೊಲೀಸರಿಗೆ ಫೋನ್ ಮಾಡು.” ಸಾಹೇಬರು ಪಾಸ್‌ವರ್ಡಪ್ಪನ ಫೈಲನ್ನು ಕೈಗೆತ್ತಿಕೊಂಡು ಬೀಸಣಿಗೆಯಂತೆ ಬೀಸಿಕೊಂಡರು. “ನೋಡು, ದಾಳಿ ಅಂದ್ರೆ ತಪ್ಪು ಶತ್ರುವಿಂದು. ದಾಳಿ ಅಲ್ಲ ಅಂದ್ರೆ ತಪ್ಪು ನಮ್ಮದು. ನೀನು ದಾಳಿ ಅಂತ ವರದಿ ಬರ್ಕೊಡು, ನಾನು ಇದಕ್ಕೆ ಸಹಿ ಹಾಕ್ತೀನಿ.”

ಒಂಬತ್ತು ವರ್ಷ ಕಣ್ಣ ಮುಂದೆ ಬಂತು. ಪಾಸ್‌ವರ್ಡಪ್ಪನ ನ್ಯಾಯಬುದ್ಧಿ ಬಾಲ ಮುದುರಿಕೊಂಡಿತು. ‘ಇದು ದಾಳಿಯೇ’ ಎಂದು ಬರೆದ. ಬರೆಯುತ್ತ ಬರೆಯುತ್ತ ಉತ್ಸಾಹ ಏರಿ, ‘ಸದರಿ ಪ್ರೋಗ್ರಾಮು ಮಾಡಿದವನು ಯಾವುದೇ ಕಚೇರಿಯಲ್ಲಿದ್ದರೂ ಕೆಲಸದಿಂದ ಕಿತ್ತುಹಾಕತಕ್ಕದ್ದು’ ಎಂದೂ ಸೇರಿಸಿ ಸಹಿ ಮಾಡಿದ.

ಅಷ್ಟರಲ್ಲಿ ಹೆಂಡತಿಯ ಫೋನ್. “ರೀ, ಇವತ್ತು ನನ್ನ ಫೋನು ಕೂಗ್ಲೇ ಇಲ್ಲ. ನೀರು ಬಂತಾ?”

“ಇಲ್ಲಿ ಮನೆ ಹತ್ತಿ ಉರೀತಿದೆ, ನಿನಗೆ ಕೊಡದ ಚಿಂತೆ!” ಎಂದು ಫೋನಿಟ್ಟ.

ಮೂರು ಗಂಟೆಗೆ ಸೈಬರ್ ಇನ್ಸ್‌ಪೆಕ್ಟರಮ್ಮ ಬಂದು ಲ್ಯಾಪ್‌ಟಾಪು ಬಿಚ್ಚಿದರು. ಹತ್ತೇ ನಿಮಿಷದಲ್ಲಿ ಹುಬ್ಬೇರಿಸಿದರು. “ನಾಲ್ಕು ಸಾವಿರ ಫೋನುಗಳು. ಎಲ್ಲ ಈ ಊರಿನವೇ. ಒಂದೇ ಪ್ರೋಗ್ರಾಮು, ಸೆಕೆಂಡಿಗೊಂದ್ಸಲ ಕೇಳ್ತಿದೆ. ಪುಟ ಮತ್ತೆ ಶುರು ಮಾಡಿ, ಯಾರು ಬರ್ತಾರೋ ನೋಡೋಣ.”

ಪಾಸ್‌ವರ್ಡಪ್ಪ ಗುಂಡಿ ಒತ್ತಿದ. ಪುಟ ಕಣ್ಣು ಬಿಟ್ಟಿತು: ‘ನೀರು ಬಿಟ್ಟಿದೆ.’

“ನೀರು ಬಂತು! ಎದ್ದೇಳ್ರೀ, ಕೊಡ ಇಡ್ರೀ!”

ಹೆಣ್ಣುದನಿ ಹೊರಟದ್ದು ಸಾಹೇಬರ ಜೇಬಿನಿಂದ. ಅದರ ಬೆನ್ನಿಗೇ ಮೀಟರ್ ರೀಡರನ ಚೀಲ ಕೂಗಿತು. ಆಮೇಲೆ ಇನ್ಸ್‌ಪೆಕ್ಟರಮ್ಮನ ಕೈಚೀಲ. ಪಕ್ಕದ ಕೋಣೆ, ಮೆಟ್ಟಿಲು, ಎದುರಿನ ಬೀದಿ, ಎಲ್ಲ ಕಡೆಯಿಂದಲೂ ಒಂದೇ ದನಿ: “ಎದ್ದೇಳ್ರೀ, ಕೊಡ ಇಡ್ರೀ!”

ಪಾಸ್‌ವರ್ಡಪ್ಪ ಓಡಿಹೋಗಿ ಕಿಟಕಿ ಮುಚ್ಚಿದ. ಅದು ಅವನ ಹೆಂಡತಿಯ ದನಿ. ಪುಟ ನೋಡಿ ನೋಡಿ ನೀರು ಬಂದ ಕೂಡಲೇ ಅವಳದೇ ದನಿಯಲ್ಲಿ ಕೂಗುವ ಪ್ರೋಗ್ರಾಮನ್ನು ಅವನೇ ಅವಳ ಫೋನಿಗೆ ಮಾಡಿಕೊಟ್ಟಿದ್ದ. ‘ಒಂದು ನಿಮಿಷ ತಡವಾಗಿ ಕೂಗುತ್ತೆ’ ಎಂದು ಅವಳು ಗೊಣಗಿದ್ದಕ್ಕೆ ಹೋದ ವಾರ ನಿಮಿಷವನ್ನು ಸೆಕೆಂಡು ಮಾಡಿದ್ದ. ಆದರೆ ಅದು ಇದ್ದದ್ದು ಒಂದೇ ಫೋನಿನಲ್ಲಿ!

“ನಮ್ಮ ಮನೆಯವಳು ಹಾಕ್ಕೊಟ್ಟಿದ್ದು,” ಸಾಹೇಬರು ತೊದಲಿದರು. “ಅವಳ ತಂಗಿ ಕಳಿಸಿದ್ದಂತೆ.”

“ನಮ್ಮತ್ತಿಗೆ ಕಳಿಸಿದ್ದು,” ಎಂದರು ಇನ್ಸ್‌ಪೆಕ್ಟರಮ್ಮ. “ಆದ್ರೆ ಮಾಡಿದ್ದು ಯಾರು?”

ಆಗಲೇ ಪಾಸ್‌ವರ್ಡಪ್ಪನ ಫೋನ್ ರಿಂಗಾಯಿತು. ಕಟ್ ಮಾಡಲು ಹೋಗಿ ಸ್ಪೀಕರ್ ಒತ್ತಿಬಿಟ್ಟ.

“ರೀ, ಈಗ ಕೂಗ್ತು ನೋಡಿ! ನನಗೊಬ್ಬಳಿಗೇ ಇಟ್ಕೊಂಡ್ರೆ ಚೆನ್ನಾಗಿರಲ್ಲ ಅಂತ ನಿನ್ನೆ ನೀರು ನಿಂತ್ಮೇಲೆ ಬಿಲ್ಡಿಂಗಿನವರಿಗೆಲ್ಲ ಕಳಿಸಿದ್ದೆ. ಅವರು ರಾತ್ರೋರಾತ್ರಿ ಅಕ್ಕತಂಗೀರಿಗೆಲ್ಲ ಕಳಿಸಿದಾರೆ. ಊರೆಲ್ಲ ನಿಮ್ಮನ್ನ ಹೊಗಳ್ತಿದೆ ರೀ!”

ಮೂವರೂ ಪಾಸ್‌ವರ್ಡಪ್ಪನ ಕಡೆ ತಿರುಗಿದರು. ಆ ದನಿ ಯಾರದೆಂದು ಯಾರೂ ಕೇಳಬೇಕಾಗಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ವರದಿಯನ್ನು ಗಟ್ಟಿಯಾಗಿ ಓದಿದರು. “‘ಕಿತ್ತುಹಾಕತಕ್ಕದ್ದು.’ ಸಹಿ ನಿಮ್ಮದೇ ಅಲ್ವಾ?”

“ಮೇಡಂ, ಅದು ಬರೀ ಓದೋದು... ದಾಳಿ ಅಲ್ಲ ಅಂತ ಬೆಳಗ್ಗೇನೇ ಹೇಳಿದ್ದೆ...” ಪಾಸ್‌ವರ್ಡಪ್ಪನಿಗೆ ಅಳುವೇ ಬಂತು.

ಸಾಹೇಬರು ತಮ್ಮ ಜೇಬನ್ನೊಮ್ಮೆ ಮುಟ್ಟಿ ನೋಡಿಕೊಂಡರು. ದಾಳಿಯಾದರೆ ದಾಳಿಕೋರರ ಪಟ್ಟಿಯಲ್ಲಿ ತಮ್ಮ ಫೋನೂ ಇರುತ್ತದೆ. ವರದಿಯನ್ನು ಮೆಲ್ಲಗೆ ತೆಗೆದುಕೊಂಡು ನಾಲ್ಕು ಚೂರು ಮಾಡಿದರು. “ದಾಳಿ ಅಲ್ಲ. ಏನಂತೀರಿ ಮೇಡಂ?”

“ಖಂಡಿತ ಅಲ್ಲ,” ಎಂದರು ಇನ್ಸ್‌ಪೆಕ್ಟರಮ್ಮ, ಕೈಚೀಲದ ಜಿಪ್ ಎಳೆಯುತ್ತ.

ಪಾಸ್‌ವರ್ಡಪ್ಪನಿಗೆ ಹೋದ ಜೀವ ಬಂದಂತಾಯಿತು.

“ಆದ್ರೆ ದಾಳಿ ಅಲ್ಲ ಅಂದ್ಮೇಲೆ ಪುಟ ಬಿದ್ದಿದ್ದು ಯಾಕೆ?” ಸಾಹೇಬರು ಹೊಸ ಹಾಳೆ ಮುಂದಿಟ್ಟರು. “ನೋಡ್ಕೊಳ್ಳೋನ ಬೇಜವಾಬ್ದಾರಿ. ಅದನ್ನ ಬರ್ಕೊಡು.” ಖಾಯಂ ಫೈಲು ಮೇಜಿನ ಮೇಲಿಂದ ಕಪಾಟಿನ ತಳಕ್ಕೆ ಹೋಯಿತು. “ಇದನ್ನ ಹೊಸ ಸಾಹೇಬ್ರು ನೋಡ್ಲಿ.”

ಹಾಳೆ ಹಿಡಿದು ಬಾಗಿಲವರೆಗೆ ಬಂದವನನ್ನು ಸಾಹೇಬರು ಮತ್ತೆ ಕರೆದರು. ದನಿ ಈಗ ಬೆಣ್ಣೆಯಷ್ಟು ಮೃದುವಾಗಿತ್ತು.

“ಅಂದ ಹಾಗೆ, ನಮ್ಮದು ಮೂರನೇ ಮಹಡಿ ಕಣಯ್ಯಾ, ನೀರು ಹತ್ತೋದು ನಿಧಾನ. ನಮ್ಮನೆಗೆ ಮಾತ್ರ ಬೇರೆಯವರಿಗಿಂತ ಎರಡು ನಿಮಿಷ ಮೊದಲೇ ಕೂಗೋ ಹಾಗೆ ಮಾಡೋಕಾಗುತ್ತಾ?”

“ನಮ್ಮದು ನಾಲ್ಕನೇ ಮಹಡಿ,” ಎಂದರು ಇನ್ಸ್‌ಪೆಕ್ಟರಮ್ಮ.