ಬ್ಯಾಂಡಿನವರಿಗೆ ಮುಪ್ಪು ಬಂದದ್ದು

ಯಾರನ್ನಾದರೂ ಮನಸಾರೆ ಮೆಚ್ಚಿಕೊಂಡವನಿಗೆ ಅವರನ್ನು ಬೈಯುವ ಹಕ್ಕೂ ತಾನಾಗಿ ಬರುತ್ತದೆ ಎಂಬುದು ನನ್ನ ನಂಬಿಕೆ. ಎಂಬತ್ತರ ದಶಕದಲ್ಲಿ, ಜಗಳೂರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದಾಗ, ಆ ಹಕ್ಕನ್ನು ನಾನು ಇಂಗ್ಲೆಂಡಿನ ಒಂದು ರಾಕ್ ಬ್ಯಾಂಡಿನ ಮೇಲೆ ಚಲಾಯಿಸುತ್ತಿದ್ದೆ. ಇಡೀ ಊರಿನಲ್ಲಿ ಅವರಿಗೆ ಅಭಿಮಾನಿಗಳೆಂದರೆ ನಾನು ಮತ್ತು ಬಟ್ಟೆ ಅಂಗಡಿಯ ಮೆಹಬೂಬ್ ಸಾಹೇಬರು, ಇಬ್ಬರೇ. ಸಾಹೇಬರು ಅಂಗಡಿಯ ಮಾಲು ತರಲು ದಾವಣಗೆರೆಗೆ ಹೋದಾಗ ಕ್ಯಾಸೆಟ್ ತರುವರು. ಅದು ನಮ್ಮ ಮನೆಯಲ್ಲಿ ಒಂದು ವಾರವಿದ್ದು ಅವರ ಬೀರು ಸೇರುವುದು. ಅವರದು ಕರೆಂಟಿನ ಟೇಪು. ನಮ್ಮ ಬಾಡಿಗೆ ಮನೆಗೆ ಪ್ಲಗ್ಗೇ ಇಲ್ಲದ್ದರಿಂದ ನಮ್ಮದು ಸೆಲ್ಲಿನದು.

ಮೊದಲ ಆಲ್ಬಂಗಳು, ಅಬ್ಬಬ್ಬಾ! ಆಮೇಲಿನವು ಬಂದವು ನೋಡಿ, ಹಾಡುವವನ ಗಂಟಲು ನೆಗಡಿ ಹಿಡಿದಂತೆ ದಪ್ಪ, ಡ್ರಮ್ಮಿನವನಿಗೆ ತೂಕಡಿಕೆ. 'ಹೆಸರು ಬಂತು, ಕೊಬ್ಬು ಬಂತು, ಸೋಮಾರಿಗಳಾದರು' ಎಂದು ಸ್ಟಾಫ್ ರೂಮಿನಲ್ಲಿ ಉಪನ್ಯಾಸವನ್ನೇ ಕೊಟ್ಟೆ. ಸಂಜೆ ಅಂಗಡಿಯಲ್ಲೂ ಅದನ್ನೇ ಹೇಳಿದರೆ ಮೆಹಬೂಬರು ಒಪ್ಪಲಿಲ್ಲ. "ಏನ್ ಸಾರ್, ಕುಂತಲ್ಲೇ ಕುಣಿಯಂಗೈತೆ, ನೀವು ಹಿಂಗಂತೀರಲ್ರೀ!" "ನಿಮಗೆ ಇಂಗ್ಲಿಷ್ ಬರಲ್ಲ, ಅದಕ್ಕೇ ಕುಣೀತೀರಿ" ಅಂದುಬಿಟ್ಟೆ. ಅವರ ಮುಖ ಸಪ್ಪಗಾಯಿತು. ಅಂಗಡಿ ಮುಂದೆ ಹಾದರೂ ನನ್ನನ್ನು ಕರೆಯುವುದು ನಿಂತಿತು. ಸಂಜೆಗಳು ಬಿಕೋ ಅನ್ನತೊಡಗಿದವು. ಬ್ಯಾಂಡು ಹಾಳಾಗಿ ಹೋಗಲಿ, ಆ ಮನುಷ್ಯ ಬೇಕು ಅನ್ನಿಸಿ ಒಳಗೊಳಗೇ ಸಂಕಟ. ಆದರೆ ಮೇಷ್ಟ್ರಾದವನು ಹೋಗಿ ತಪ್ಪಾಯಿತು ಅನ್ನುವುದೆಂದರೇನು?

ಕೊನೆಗೆ ನನ್ನಾಕೆ ಗಿರಿಜೆಯೇ, ಆ ಕ್ಯಾಸೆಟ್ಟನ್ನೂ ತನ್ನಿ ಎಂದು ಹೇಳಿ, ಅವರನ್ನು ಚಹಾಕ್ಕೆ ಕರೆಸಿದಳು. ಬಂದರಲ್ಲ, ಸಾಕ್ಷಿ ಸಮೇತ ಗೆದ್ದೇಬಿಡೋಣ ಎಂದು ಅದನ್ನು ನಮ್ಮ ಟೇಪಿಗೆ ಹಾಕಿ ಹಚ್ಚಿದೆ. ಮೆಹಬೂಬರು ಕಪ್ಪನ್ನು ಕೆಳಗಿಟ್ಟರು. "ಯಾರ್ರೀ ಸಾರ್ ಇವ್ರು? ಯಾಕ್ ಹಿಂಗೆ ಅಳ್ತಾರೆ?"

ಅಷ್ಟರಲ್ಲಿ ಗಿರಿಜೆ ಹಿತ್ತಲಿಂದ ಮೊರ ಹಿಡಿದು ಬಂದಳು. ಮೊರದಲ್ಲಿ ಒಣಗಿದ ಹಪ್ಪಳ, ಪಕ್ಕದಲ್ಲಿ ಸಾಲಾಗಿ ಸೆಲ್ಲುಗಳು. "ಸ್ವಲ್ಪ ತಡೀರಿ, ಬಿಸಿಲಿಗೆ ಚೆನ್ನಾಗಿ ಕಾದಾವೆ, ಇವನ್ನ ಹಾಕ್ತೀನಿ." ಹಿತ್ತಲಲ್ಲಿ ಹಾವು ಕಂಡಾಗಿನಿಂದ ಹೊಸ ಸೆಲ್ಲೆಲ್ಲ ಟಾರ್ಚಿಗೆ, ಟಾರ್ಚಿನಲ್ಲಿ ಸತ್ತವು ಬಿಸಿಲು ಕಾಯಿಸಿಕೊಂಡು ಟೇಪಿಗೆ ಎಂಬುದು ಅವಳ ಕಾನೂನಂತೆ! "ಹಾಡು ನಿಧಾನ ಆದ್ರೆ ಯಾರೂ ಸಾಯಲ್ಲ, ಹಾವು ತುಳಿದ್ರೆ?" ಅಂದಳು.

ಟಾರ್ಚಿಗೆಂದು ಅವಳು ಕಪಾಟಿನಲ್ಲಿ ಬಚ್ಚಿಟ್ಟಿದ್ದ ಹೊಸ ಸೆಲ್ ತೆಗೆದು ಹಾಕಿದ್ದೇ ತಡ, ಬ್ಯಾಂಡಿನವರಿಗೆ ಯೌವನ ಉಕ್ಕಿತು. ಮೆಹಬೂಬರು ನನ್ನ ತೊಡೆಗೆ ಹೊಡೆದು ಹೊಡೆದು ನಕ್ಕರು. ಆ ಏಟುಗಳು ನನಗೆ ಎಷ್ಟು ಹಿತವಾದವೆಂದರೆ ಕಣ್ಣು ಒದ್ದೆಯಾಯಿತು. ಆದರೂ ನಾಲಗೆ ಕೇಳಬೇಕಲ್ಲ! "ಪರವಾಗಿಲ್ಲ... ಆದರೂ ಮೊದಲಿನಷ್ಟಿಲ್ಲ" ಅಂದೆ.

ಮೆಹಬೂಬರು ಗಿರಿಜೆಯ ಕಡೆ ತಿರುಗಿದರು. "ತಂಗೀ, ಟೇಪಿಗೇನೋ ಹೊಸ ಸೆಲ್ ಹಾಕಿದ್ವಿ. ಮೇಷ್ಟ್ರಿಗೆ ಏನ್ ಮಾಡಾಣ?"

"ಬಿಡಣ್ಣಾ," ಅಂದಳು ಗಿರಿಜೆ, ಮೊರ ಎತ್ತಿಕೊಳ್ಳುತ್ತಾ. "ನಾಳೆ ಹಪ್ಪಳದ ಜೊತೆ ಇವ್ರನ್ನೂ ಬಿಸಿಲಿಗೆ ಇಡ್ತೀನಿ."