ನೋಡಿಬರಲು ಹೋದವನೇ ಇಲ್ಲ

ಗಂಡನನ್ನು ಮಣ್ಣು ಮಾಡಿ, ಬಂದ ನೆಂಟರೆಲ್ಲ ಹೋದಮೇಲಿನ ಮೊದಲ ಮಾಮೂಲಿ ಬೆಳಗು. ಅವನು ಎರವಲು ತಂದಿದ್ದ ದಪ್ಪ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಅವಳು ಗ್ರಂಥಾಲಯದ ಕಂಪ್ಯೂಟರ್ ಕೋಣೆಗೆ ಬಂದಳು. ಇಬ್ಬರೂ ಕೆಲಸ ಮಾಡುತ್ತಿದ್ದ ಕೋಣೆ. ಪುಸ್ತಕ ಗೊತ್ತಣ್ಣನದು. ಏನು ಹೇಳಿದರೂ ‘ಗೊತ್ತು, ಗೊತ್ತು’ ಅನ್ನುವ ಹಿರಿಯನಿಗೆ ಆಫೀಸು ಇಟ್ಟ ಹೆಸರು ಅದು.

ಚೀಲ ಬಿಚ್ಚುವಷ್ಟರಲ್ಲಿ ಮ್ಯಾನೇಜರಮ್ಮ ಬಂದರು.

“ಕಂಪ್ಯೂಟರಿಗೆ ಕೆಲಸ ಹೇಳೋಕೆ ನಿನ್ನ ಯಜಮಾನರು ಬರೆದಿಟ್ಟ ಸ್ಕ್ರಿಪ್ಟು ಹೊಸ ಮಷೀನಲ್ಲಿ ಓಡ್ತಿಲ್ಲಮ್ಮ. ದಾಖಲೆಗಳ ನಕಲು ತೆಗಿ ಅಂದ್ರೆ ‘gzip ಇಲ್ಲ’ ಅಂತ ಮಲಗಿಬಿಡತ್ತೆ. ಸಂಜೆಯೊಳಗೆ ಎದ್ರೆ ಸರಿ. ಇಲ್ಲಾಂದ್ರೆ ಅವರು ಬರೆದ ನಲವತ್ತು ಸ್ಕ್ರಿಪ್ಟನ್ನೂ ಅಳಿಸಿ ಬೇರೆ ಹಾಕಿಸ್ತೀನಿ.”

ಆ ಕೋಣೆಯಲ್ಲಿ ಅವನದು ಅಂತ ಉಳಿದದ್ದು ಆ ನಲವತ್ತೇ.

ಗೊತ್ತಣ್ಣ ಕಡತಗಳನ್ನು ಕುಗ್ಗಿಸುವ ಆ gzip ತಂತ್ರಾಂಶವನ್ನು ಹೊಸದಾಗಿ ಹಾಕಿದ. ಸ್ಕ್ರಿಪ್ಟು ಇಲ್ಲ ಅಂದಿತು. ತೆಗೆದು ಮತ್ತೆ ಹಾಕಿದ. ಇಲ್ಲವೇ ಇಲ್ಲ. ಪಕ್ಕದ ಮೇಜಿನಾಕೆ ಮಷೀನನ್ನೇ ಆರಿಸಿ ಹೊತ್ತಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಎದುರಿಗೇ ಕೂತಿರೋ ಮಾವನ್ನ ಮನೇಲಿಲ್ಲ ಅನ್ನೋ ಅಳಿಯನ ಹಾಗಿದೆಯಲ್ಲೇ ಇದು!”

ನಾಲ್ಕು ಗಂಟೆಗೆ ಎಲ್ಲರೂ ಸುಸ್ತಾದ ಮೇಲೆ ಅವಳು ಸ್ಕ್ರಿಪ್ಟನ್ನು ಸಾಲುಸಾಲಾಗಿ ಓದಿದಳು. gzip ಇದೆಯೇ ಎಂದು ನೋಡಿಬರಲು ಅವನು ‘which’ ಎಂಬ ಕಮಾಂಡನ್ನು ಕಳಿಸಿದ್ದ. ಅದರ ಗೊಣಗಾಟ ತೆರೆಯ ಮೇಲೆ ಬಾರದಂತೆ ಒಂದು ಸಾಲು ಬರೆದು ಬಾಯಿಗೆ ಬಟ್ಟೆಯನ್ನೂ ತುರುಕಿದ್ದ. ಬಟ್ಟೆ ತೆಗೆದು ಓಡಿಸಿದಳು. ಹೊಸ ಮಷೀನಿನಲ್ಲಿ which ಎಂಬುದೇ ಇರಲಿಲ್ಲ. ಅದು ಉತ್ತರ ತರದ್ದಕ್ಕೆ gzip ಇಲ್ಲವೆಂದೇ ಸ್ಕ್ರಿಪ್ಟು ತಿಳಿದಿತ್ತು.

“ಯಾರಿದ್ದಾರೆ ನೋಡ್ಕೊಂಡು ಬಾ ಅಂತ ಕಳಿಸಿದ ಆಳೇ ಊರಲ್ಲಿಲ್ಲ, ಅಣ್ಣ.”

“ಗೊತ್ತು, ಗೊತ್ತು.”

ಕಾಲೇಜಿನಲ್ಲಿ ಕಲಿತದ್ದನ್ನು ಕೆದಕಿ, which ಇದ್ದಲ್ಲಿ ‘command -v’ ಹಾಕಿದಳು. ಅದು ಕಮಾಂಡುಗಳನ್ನು ಓಡಿಸುವ ಶೆಲ್ಲಿನ ಮನೆಯೊಳಗಿನ ಆಳು, ಯಾವ ಮಷೀನಿಗೆ ಹೋದರೂ ಜೊತೆಗೇ ಬರುತ್ತದೆ. ಸ್ಕ್ರಿಪ್ಟು ಎದ್ದು ಓಡಿತು.

ಮ್ಯಾನೇಜರಮ್ಮ ಬೆನ್ನು ತಟ್ಟಿದರು. “ಹಾಗಾದ್ರೆ ಉಳಿದ ಮೂವತ್ತೊಂಬತ್ತೂ ನಾಳೆಯಿಂದ ನಿನ್ನ ಪಾಲಿಗೇ.”

ಹೊರಡುವಾಗ ಗೊತ್ತಣ್ಣನಿಗೆ ಕೊಡಲೆಂದು ಪುಸ್ತಕ ಹೊರತೆಗೆದಳು. ಚೀಟಿ ಇಟ್ಟ ಪುಟ ತಾನಾಗಿ ತೆರೆದುಕೊಂಡಿತು. ‘command -v’ ಅಡಿಗೆ ಪೆನ್ಸಿಲ್ ಗೆರೆ. ಚೀಟಿಯಲ್ಲಿ ಅವನ ಅಕ್ಷರ: ‘ನಲವತ್ತರಲ್ಲೂ which ತೆಗೆದು ಇದನ್ನ ಹಾಕಬೇಕು. ಬಿಡುವಾದಾಗ.’

“ಗೆರೆ ನೀವೇ ಎಳೆದದ್ದಾ, ಅಣ್ಣ?”

“ಹೌದು ಕಣಮ್ಮ. ಪುಸ್ತಕ ಅವನ ಹತ್ರ ಇತ್ತಲ್ಲ, ನನಗೆ ಹೇಗೆ ನೆನಪಿರ್ತದೆ?”

ಅವಳು ಚೀಟಿ ಇಟ್ಟುಕೊಂಡು, ಪುಸ್ತಕ ವಾಪಸು ಕೊಟ್ಟಳು.