ಬುಸ್ ಓಗದೆ ಸಾ

ಹಳೆಯ ಕಾರು ಇಟ್ಟುಕೊಂಡವನ ಕಿವಿಗೆ ಬಿಡುವೆಂಬುದೇ ಇರುವುದಿಲ್ಲ. ಹೊಸ ಕಾರಿನವರು ಹಾಡು ಕೇಳುತ್ತಾ ಓಡಿಸುತ್ತಾರೆ, ಹಳೆಯ ಕಾರಿನವರು ಕಾರನ್ನೇ ಕೇಳುತ್ತಾ ಓಡಿಸುತ್ತಾರೆ. ನಾನು ಮೂರನೆಯ ಜಾತಿ. ಕಾರು ಸದ್ದು ಮಾಡಿದರೆ ಹಾಡಿನ ಸದ್ದು ಜಾಸ್ತಿ ಮಾಡುತ್ತೇನೆ. ಈ ಚಿಕಿತ್ಸೆ ಬಹಳ ಕಾಲ ಚೆನ್ನಾಗಿಯೇ ನಡೆಯಿತು. ಹಾಸನದ ಮನೆಯಿಂದ ಹೊಳೆನರಸೀಪುರದ ಕಚೇರಿಗೆ ಹೋಗಿಬರುವಾಗ ಪ್ರತಿ ಹಂಪ್‌ನಲ್ಲೂ ಮುಂದಿನ ಚಕ್ರದ ಹತ್ತಿರ ಕಟ್ ಕಟ್ ಎನ್ನುತ್ತಿತ್ತು. ತಾಳಕ್ಕೆ ಸರಿಯಾಗಿ ಬಿದ್ದ ದಿನ ಹಾಡಿಗೂ ಒಂದು ಕಳೆ ಬರುತ್ತಿತ್ತು.

ನನ್ನ ಹೆಂಡತಿ ಸುಮಾಳಿಗೆ ಸಂಗೀತ ಅಷ್ಟಕ್ಕಷ್ಟೆ. ಹಳೇಕೋಟೆಯಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಬರುವಾಗ, ಈ ಡಬ್ಬವನ್ನು ಮಾರದಿದ್ದರೆ ಇನ್ನು ನಾನು ಬಸ್ಸಿನಲ್ಲೇ ಓಡಾಡುತ್ತೇನೆ ಎಂದು ಕಡ್ಡಿ ಮುರಿದಂತೆ ಹೇಳಿದಳು. ಬರೀ ಮಾತಾಗಿದ್ದರೆ ಪರವಾಗಿರಲಿಲ್ಲ. ಅವಳ ತಮ್ಮ ಚನ್ನರಾಯಪಟ್ಟಣದಲ್ಲಿ ಕೊಳ್ಳುವವರೊಬ್ಬರನ್ನು ಆಗಲೇ ಹುಡುಕಿಟ್ಟಿದ್ದ. ನನಗೋ ಆ ಕಾರೆಂದರೆ ಪ್ರಾಣ. ಉಳಿದದ್ದು ಅಮ್ಮನ ಓಟು. ಮಂಡಿನೋವಿನ ಅಮ್ಮನಿಗೆ ಬಗ್ಗದೆ, ಏರದೆ ಸುಮ್ಮನೆ ಪಕ್ಕಕ್ಕೆ ಜರುಗಿ ಕೂರಲು ಈ ಕಾರಿನ ಸೀಟು ಹೇಳಿ ಮಾಡಿಸಿದ ಎತ್ತರ. 'ನಾನಿರೋಗಂಟ ಇದು ಇರ್ಲಿ ಕಣವ್ವ' ಎಂದು ಸೊಸೆಗೆ ಅಂದುಬಿಟ್ಟರು. ಬಹುಮತ ನನ್ನ ಕಡೆಗೆ ಬಂತು.

ಆದರೂ ಸದ್ದು ನಿಲ್ಲಿಸದೆ ಗತಿಯಿರಲಿಲ್ಲ. ಕಾರನ್ನು ಅರಕಲಗೂಡು ರಸ್ತೆಯ ಮೆಕ್ಯಾನಿಕ್ ರಂಗಸ್ವಾಮಿಯ ಶೆಡ್ಡಿಗೆ ಬಿಟ್ಟೆ. ರಂಗಸ್ವಾಮಿ ಕೈಗಿಂತ ಬಾಯಿ ಹೆಚ್ಚು ಆಡಿಸುವ ಆಸಾಮಿ. ಅವನು ಮೊದಲು ಶಾಕ್ ಅಬ್ಸಾರ್ಬರ್ ಎಂದ, ಬದಲಾಯಿಸಿದ, ಸದ್ದು ಹೋಗಲಿಲ್ಲ. ಆಮೇಲೆ ನಮ್ಮ ರಸ್ತೆಗಳದ್ದೇ ತಪ್ಪು ಎಂದ. ಅದನ್ನು ಬದಲಾಯಿಸುವುದು ಅವನ ಕೈಯಲ್ಲಿರಲಿಲ್ಲವಾಗಿ ಮತ್ತೆ ಕಾರಿನಡಿ ಮಲಗಿದ.

ಅಂದು ಸಂಜೆ ದೀಪ ಹಚ್ಚಿ ಆಗಿತ್ತು. ನಾನೂ ಅಮ್ಮನೂ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆವು. ರಂಗಸ್ವಾಮಿಯ ಫೋನು ಬಂತು. ನನ್ನ ಕೈ ಅಂಟಂಟಾಗಿದ್ದರಿಂದ ಅಮ್ಮನೇ ಸೆರಗಿಗೆ ಕೈ ಒರೆಸಿಕೊಂಡು ಗುಂಡಿ ಒತ್ತಿ ಸ್ಪೀಕರಿಗೆ ಹಾಕಿದರು. ಅವನ ಧ್ವನಿ ಮನೆಯೆಲ್ಲ ಮೊಳಗಿತು.

'ಸಿಕ್ತು ಸಾ. ಮುಂದ್ಗಡೆ ಎರಡೂ ಕಡೆ ಬುಸ್ ಓಗದೆ. ಬಲಗಡೆದು ಒಳೀಕೇ ಕಚ್ಕಂಡದೆ, ಸುಮ್ಕೆ ಬರಾಕಿಲ್ಲ. ನಾಳೀಕೆ ಒಡ್ದು ಆಚೆ ತಗೀತೀನಿ.'

ಒಡಿ ಮಾರಾಯ, ಧಾರಾಳವಾಗಿ ಒಡಿ ಎಂದೆ. ಬುಶ್ ಎಂದರೆ ಚಕ್ರದ ತೋಳಿನಲ್ಲಿ ಕಬ್ಬಿಣಕ್ಕೂ ಕಬ್ಬಿಣಕ್ಕೂ ಜಗಳವಾಗದಂತೆ ನಡುವೆ ಕೂತಿರುವ ರಬ್ಬರಿನ ಬಳೆ. ಅದು ಬಿರಿದರೆ ಕಟ್ ಕಟ್. ಅತ್ತೆ ಸೊಸೆಯರ ಮಧ್ಯೆ ಇರುವ ನನಗೆ ಅದರ ಕಷ್ಟ ಬೇಗ ಅರ್ಥವಾಯಿತು. ಅಷ್ಟರಲ್ಲಿ ಅಮ್ಮ ಕಾಳನ್ನು ಅಲ್ಲೇ ಬಿಟ್ಟು ದೇವರ ಮನೆಗೆ ಎದ್ದುಹೋದರು. ಮಂಡಿ ಹಿಡಿದಿರಬೇಕು ಎಂದುಕೊಂಡೆ.

ಬೆಳಿಗ್ಗೆ ಎದ್ದರೆ ಸರ್ಕಾರ ಬಿದ್ದಿತ್ತು. ಆ ಕಾರು ನಮಗೆ ಬೇಡ, ಮಾರಿಬಿಡಿ, ಇನ್ನು ನಾನು ಅದನ್ನು ಹತ್ತುವುದಿಲ್ಲ ಎಂದು ಅಮ್ಮ ಸುಮಾಳಿಗೆ ಹೇಳಿದ್ದರು. ಯಾಕಮ್ಮ ಎಂದರೆ ಮುಖ ತಿರುಗಿಸಿಕೊಂಡರು. ಸುಮಾ ಆಗಲೇ ತಮ್ಮನಿಗೆ ಫೋನು ಮಾಡಿ, ಕೊಳ್ಳುವವರು ಭಾನುವಾರ ಬರುವುದೆಂದು ಗೊತ್ತುಮಾಡಿ, ಉತ್ಸಾಹದಲ್ಲಿ ಕೇಸರಿಬಾತ್ ಮಾಡಿದ್ದಳು. ಜೀವಮಾನದಲ್ಲಿ ಅಷ್ಟು ಕಹಿಯಾದ ಕೇಸರಿಬಾತ್ ನಾನು ತಿಂದಿಲ್ಲ.

ಶನಿವಾರ ಕಾರು ತರಲು ಹೊರಟರೆ ಅಮ್ಮ ಬಾಗಿಲಿಗೆ ಅಡ್ಡ ನಿಂತರು. ನೀನು ಹೋಗಬೇಡ, ಅವನೇ ತಂದು ಬಿಡಲಿ ಎಂದು ಹಟ. ನನಗೂ ರೇಗಿತು. ಇನ್ನೊಂದು ದಿನ ತಾನೇ ನನ್ನ ಕಾರು, ಅಷ್ಟಾದರೂ ಓಡಿಸಿಕೊಳ್ಳುತ್ತೇನೆ ಬಿಡಿ ಎಂದು ಸಿಡುಕಿ ಹೊರಟೆ. ವಾಪಸು ಬರುವಾಗ ಬೇಕೆಂದೇ ಹಂಪ್ ಇರುವ ರಸ್ತೆಗಳನ್ನೆಲ್ಲ ಸುತ್ತಿದೆ. ಸದ್ದೇ ಇಲ್ಲ! ಹಾಲು ತುಂಬಿದ ಪಾತ್ರೆ ಇಟ್ಟುಕೊಂಡಿದ್ದರೂ ತುಳುಕುತ್ತಿರಲಿಲ್ಲ. ಇಂಥ ಕಾರನ್ನು ನಾಳೆ ಯಾರೋ ಒಯ್ಯುತ್ತಾರಲ್ಲ ಎಂದು ಇನ್ನೊಂದು ಸುತ್ತು ಹಾಕಿದೆ.

ಮನೆಯ ಮುಂದೆ ನಿಲ್ಲಿಸಿದರೆ ಅಮ್ಮ ಗೇಟಿನಲ್ಲೇ ಕಾದಿದ್ದರು. ನನ್ನ ಕೈಕಾಲನ್ನೆಲ್ಲ ಒಮ್ಮೆ ನೋಡಿ ಮೆಲ್ಲಗೆ ಕೇಳಿದರು.

'ಒಡದೇಬುಟ್ನಾ?'

'ಹೂಂ, ಒಡೆದೇ ತೆಗೆದದ್ದು. ಡಿಕ್ಕಿಯಲ್ಲೇ ಇವೆ, ತೋರಿಸ್ತೀನಿ ಬನ್ನಿ' ಎಂದು ಡಿಕ್ಕಿ ಎತ್ತಿದೆ.

ಮಂಡಿನೋವಿನ ಅಮ್ಮ ಅಷ್ಟು ಚುರುಕಾಗಿ ತುಳಸಿಕಟ್ಟೆಯ ಹಿಂದೆ ಸೇರಿದ್ದನ್ನು ನಾನು ಕಂಡದ್ದು ಅದೇ ಮೊದಲು. 'ಮುಟ್ಬ್ಯಾಡ ಕಣ್ಲಾ! ಸತ್ರೂ ಇಸ ಓಗಾಕಿಲ್ಲ' ಎಂದು ಅಲ್ಲಿಂದಲೇ ಕೂಗಿದರು.

ಆಗ ಹೊಳೆಯಿತು ನನ್ನ ಮಂದಬುದ್ಧಿಗೆ. ನಮ್ಮ ಕಡೆ ದೀಪ ಹಚ್ಚಿದ ಮೇಲೆ ಹಾವಿನ ಹೆಸರು ಎತ್ತುವುದಿಲ್ಲ. ಹುಳ ಎನ್ನುತ್ತಾರೆ, ಚಿಕ್ಕ ಮಕ್ಕಳಿಗಾದರೆ ಬುಸ್ ಎನ್ನುತ್ತಾರೆ. ರಂಗಸ್ವಾಮಿಯ ನಾಲಿಗೆಗೆ ಬುಶ್ ಕೂಡ ಬುಸ್ಸೇ. ಅಮ್ಮನ ಕಿವಿಗೆ ಅವನು ಹೊತ್ತು ಮುಳುಗಿದ ಮೇಲೆ ಹೆಸರು ಹೇಳದ ಸಂಸ್ಕಾರವಂತ, ಕಾರಿನ ಮುಂಭಾಗಕ್ಕೆ ಎರಡು ಹಾವು ಹೋಗಿವೆ, ಒಂದು ಒಳಗೇ ಕಚ್ಚಿಕೊಂಡಿದೆ, ನಾಳೆ ಹೊಡೆದು ತೆಗೆಯುತ್ತೇನೆ ಎಂದು ಹೇಳಿದ್ದ. ಅದಕ್ಕೆ ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದ ನಾನು, ಧಾರಾಳವಾಗಿ ಒಡಿ ಎಂದಿದ್ದೆ. ಮಾರನೆಯ ದಿನ ಬಾಯಿಬಿಟ್ಟು ಹೇಳಿದರೆ ಹಾವು ಕೊಲ್ಲಿಸಿದ ದೋಷ ಇನ್ನೂ ಸುತ್ತಿಕೊಂಡೀತೆಂದು ಅವರು ನುಂಗಿಕೊಂಡಿದ್ದರು.

ಬಿರಿದ ರಬ್ಬರಿನ ಬಳೆಗಳನ್ನು ತುಳಸಿಕಟ್ಟೆಯ ಮೇಲಿಟ್ಟೆ. ಅಮ್ಮ ಕಡ್ಡಿಯಿಂದ ಒಮ್ಮೆ ತಿವಿದು ನೋಡಿದರು. ಸುಮಾ ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಮ್ಮ ಮಾತ್ರ ನಗಲಿಲ್ಲ. ಸೊಸೆಯ ಕಡೆ ತಿರುಗಿ, ನಾಳೆ ಬರುವವರಿಗೆ ಬೇಡವೆಂದು ಹೇಳಿಬಿಡು ಎಂದರು.

'ಇವ್ನು ಮಾತು ಕೇಳ್ದೆ ಒಂಟೋದ್ನಲ್ಲ, ನಂಗೆ ಜೀವ್ವೇ ಬಾಯಿಗೆ ಬಂದಿತ್ತು. ರಾಮ್‌ನಾಥ್‌ಪುರದ ಸುಬ್ಬಪ್ಪಂಗೆ ಅರಸ್ಕಂಡಿವ್ನಿ. ಮಗ, ಮಗನ ಕಾರು ಇಬ್ರೂ ಸುಕ್ವಾಗಿ ಬಂದ್ರೆ, ವರ್ಸಾ ವರ್ಸಾ ಅದೇ ಕಾರಲ್ಲೇ ನಿನ್ ತಾವ್ಕೆ ಬತ್ತೀವಿ ಅಂತ.'

ಅದೇ ಕಾರಲ್ಲೇ! ಸುಮಾಳ ನಗು ನಿಂತಿತು. ಹಾವುಗಳ ಒಡೆಯ ಸುಬ್ಬಪ್ಪನ ಹೆಸರಲ್ಲಿ ಕಟ್ಟಿಕೊಂಡ ಹರಕೆಯ ಮುಂದೆ ಚನ್ನರಾಯಪಟ್ಟಣದ ತಮ್ಮ ಯಾವ ಲೆಕ್ಕ? ಅವಳು ನಿಟ್ಟುಸಿರು ಬಿಟ್ಟು ಫೋನು ಎತ್ತಿಕೊಂಡಳು. ಮಾರಿಬಿಡಿ ಎಂದ ಬಾಯಲ್ಲೇ ನನ್ನ ಕಾರಿಗೂ ಹರಕೆ ಹೊತ್ತ ಅಮ್ಮನನ್ನು ಕಂಡು ನನಗೆ ಅಳು ಬರುವಂತಾಯಿತು. ಎದೆ ಹಗುರಾಗಿ ಅಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಹಾಗೆ ಬಗ್ಗಿದಾಗ ಅಮ್ಮ ನನ್ನ ತಲೆ ಸವರಿ ಹರಕೆಯ ಉಳಿದರ್ಧ ಹೇಳಿದರು.

ಭಾನುವಾರ ಅರಕಲಗೂಡಿನ ಮೇಲೆ ರಾಮನಾಥಪುರಕ್ಕೆ ಹೋದೆವು. ದಾರಿಯುದ್ದಕ್ಕೂ ಒಂದೇ ಒಂದು ಕಟ್ ಇಲ್ಲ. ಮುಂದಿನ ಸೀಟಿನಲ್ಲಿ ಅಮ್ಮ ಗೊರಕೆ ಹೊಡೆದರು. ಕಾರು ತುಂಬ ಮೆತ್ತಗೆ ಹೋಗುತ್ತದೆ ಎಂದು ಸುಮಾಳೂ ಒಪ್ಪಿಕೊಂಡಳು. ಕಾವೇರಿಯ ದಂಡೆಯಲ್ಲಿ ನನ್ನ ಮುಡಿ ಕೊಟ್ಟು ಮುಳುಗು ಹಾಕಿದೆ. ಇದ್ದದ್ದೇ ನಾಲ್ಕು ಕೂದಲು, ಕ್ಷೌರಿಕನಿಗೂ ಸುಲಭವಾಯಿತು.

ಸೋಮವಾರ ನುಣ್ಣನೆಯ ತಲೆ ಹೊತ್ತು ಕಚೇರಿಗೆ ಹೋದೆ. ನಮ್ಮ ಹಿರಿಯ ಗುಮಾಸ್ತರು ಎದ್ದುಬಂದು ನನ್ನ ಎರಡೂ ಕೈ ಹಿಡಿದುಕೊಂಡು, ತುಂಬಿದ ಕಣ್ಣಲ್ಲಿ ಕೇಳಿದರು.

'ಯಾರು ಓಗ್ಬುಟ್ರು ಸಾ?'

'ಬುಶ್ಶು' ಎಂದೆ.